ನಾನೇ ಆರಿಸಿದ ಕಾರ್ಟ್ರಿಡ್ಜ್

ಬೆಳಿಗ್ಗೆ ಎದ್ದು, ಮುಖ ತೊಳೆದು, ದೇವರಿಗೆ ಕೈಮುಗಿದು, ಒಲೆ ಹೊತ್ತಿಸುವ ಮೊದಲು ನಾನು ಒಂದು ರೆಕಾರ್ಡು ಹಾಕುತ್ತೇನೆ. ಜ್ವರ ಬಂದ ದಿನವೂ ತಪ್ಪಿಸಿದವಳಲ್ಲ. ಅತ್ತೆಯವರು ನಮ್ಮ ಪ್ರಾರ್ಥನಾ ಗುಂಪಿನ ಮುಂದಾಳಾಗಿದ್ದಾಗ ಹಾಡಿಸಿದ ರೆಕಾರ್ಡು ಅದು. ಆಗ ನಾನು ಹೊಸ ಸೊಸೆ. ಸಾಲಿನ ಕೊನೆಯಲ್ಲಿ ನಿಂತು ಹಾಡಿದ್ದೆ. ಕೊನೆಯೆಂದರೆ ಅಂತಿಂಥ ಕೊನೆಯಲ್ಲ! ಉಳಿದವರೆಲ್ಲ ಒಂದೇ ಮೈಕಿಗೆ ಮುತ್ತಿಕೊಂಡಿದ್ದರೆ, ನನ್ನೊಬ್ಬಳಿಗೇ ಪ್ರತ್ಯೇಕ ಮೈಕು!

ಮುಳ್ಳು ಇಳಿದ ಮೇಲೆ, ಹಾಡು ಶುರುವಾಗುವ ಮುಂಚೆ, ಅತ್ತೆಯವರ ದನಿಯಲ್ಲಿ ಏನೋ ಗುಸುಗುಸು ಕೇಳಿಸುತ್ತದೆ. ಮನಸ್ಸಿನೊಳಗಿನ ಪ್ರಾರ್ಥನೆ ತುಟಿಗೆ ಬಂದಿರಬೇಕು ಎಂದುಕೊಂಡು, ಆ ಜಾಗ ಬಂದಾಗಲೆಲ್ಲ ನಾನು ಕಣ್ಣು ಮುಚ್ಚಿ ತಲೆ ಬಾಗಿಸುತ್ತಿದ್ದೆ.

ಈಗ ಗುಂಪಿಗೆ ಹೊಸ ಮುಂದಾಳು ಬೇಕಾಗಿತ್ತು. ಆ ಜಾಗ ನನಗೇ ಸಿಗಬೇಕೆಂದು ನನ್ನಾಸೆ. ದೇವರ ಕೆಲಸದಲ್ಲಿ ಆಸೆ ಪಡಬಾರದು, ನಿಜ. ಆದರೆ ಯೋಗ್ಯತೆ ಇದ್ದವರು ಹಿಂದೆ ಸರಿಯಲೂಬಾರದಲ್ಲ! ಹಾಡಿನ ಎರಡನೇ ಚರಣದಲ್ಲಿ ಎಲ್ಲರನ್ನೂ ಬಿಟ್ಟು ಮುಗಿಲಿಗೇರುವ ದನಿಯೊಂದಿದೆ. ಅದು ನನ್ನದೇ ಎಂದು ಗುಂಪಿನವರಿಗೆಲ್ಲ ಹೇಳಿಟ್ಟಿದ್ದೆ. ಸಂಜೆ ಎಲ್ಲರನ್ನೂ ಮನೆಗೆ ಕರೆದು ಅದನ್ನೇ ಕೇಳಿಸಿಬಿಡುವುದು, ಮರುಮಾತೇ ಇರಬಾರದು ಎಂದು ನಿಶ್ಚಯಿಸಿದೆ.

ಆದರೆ ಹಳೆಯ ಮುಳ್ಳು ಸವೆದು, ಕಾದ ಬಾಣಲೆಗೆ ನೀರು ಬಿದ್ದಂತೆ ಚರಚರ ಎನ್ನುತ್ತಿತ್ತು.

"ಹೊಸ ಕಾರ್ಟ್ರಿಡ್ಜ್ ನಾನೇ ಆರಿಸ್ತೀನಿ, ನಾನೇ ಕೂರಿಸ್ತೀನಿ," ಎಂದು ಘೋಷಿಸಿದೆ.

"ಕಾರ್ಟ್ರಿಡ್ಜ್ ಅಂದ್ರೆ ಏನು ಅಂತ ಗೊತ್ತೇನೇ?" ಎಂದರು ನಮ್ಮೆಜಮಾನರು.

"ಮುಳ್ಳನ್ನ ಹಿಡ್ಕೊಂಡಿರೋ ಪುಟ್ಟ ಡಬ್ಬಿ! ಮುಳ್ಳಿನ ನಡುಕವನ್ನ ಕರೆಂಟು ಮಾಡಿ ಕಳಿಸುತ್ತೆ. ಪುಸ್ತಕ ಓದೇ ಕಲ್ತಿದೀನಿ."

"ಅಡುಗೇನೂ ಹಾಗೇ ಕಲ್ತಿದ್ದು. ನಾನಿನ್ನೂ ಬದುಕಿದೀನಿ, ನಡಿ."

ಅಂಗಡಿಯವನು ಎರಡು ಡಬ್ಬಿಗಳನ್ನು ಮುಂದಿಟ್ಟ. "ಅಕ್ಕಾ, ಇದು ಸಾದಾ. ದನಿ ಜೋರು, ಸೂಕ್ಷ್ಮ ಕಮ್ಮಿ. ಇನ್ನೊಂದು ಇದೆಯಲ್ಲ, ರೆಕಾರ್ಡ್ ಮಾಡುವಾಗ ಸೊಳ್ಳೆ ಹಾರಿದ್ರೂ ಹೇಳುತ್ತೆ. ಆದ್ರೆ ಇದು ಕಳಿಸೋ ದನಿ ಬಲು ಸಣ್ಣದು. ಆಂಪ್ಲಿಫೈಯರ್ ಹಿಂದೆ ಒಂದು ಸ್ವಿಚ್ ಇರುತ್ತೆ, ಅದನ್ನ..."

ಯಾರು ಏನು ಹೇಳಿದರೂ ತಾಳ್ಮೆಯಿಂದ ಕೇಳುವವಳೆಂದು ನನಗೆ ಹೆಸರಿದೆ. ಅಂದೂ ತಾಳ್ಮೆಯಿಂದಲೇ ಕೇಳಿದೆ. ಆದರೆ ಅವನು ಸ್ವಿಚ್ಚಿನ ವಿಷಯಕ್ಕೆ ಬರುವಷ್ಟರಲ್ಲಿ ನನ್ನ ಕಿವಿಯಲ್ಲಿ ಚಪ್ಪಾಳೆ ಶುರುವಾಗಿತ್ತು.

"ಯಾವುದು ಕೊಡ್ಲಿ?"

"ಸೊಳ್ಳೇದು!"

"ಹಳೇ ರೆಕಾರ್ಡಿಗೆ ಇಷ್ಟು ಸೂಕ್ಷ್ಮ ಯಾಕಕ್ಕಾ? ಬೇಡದ್ದೂ ಕೇಳಿಸುತ್ತೆ."

"ಕೇಳಿಸಲಿ! ಪ್ರಾರ್ಥನೇಲಿ ಬೇಡದ್ದು ಏನಿರುತ್ತಪ್ಪಾ?"

"ಸರಿ, ಸಂಜೆ ಆ ಕಡೆ ಬರೋದಿದೆ. ಮುಳ್ಳು ನೆಟ್ಟಗೆ ಕೂತಿದೆಯಾ ನೋಡಿ ಹೋಗ್ತೀನಿ," ಎಂದ ಪುಣ್ಯಾತ್ಮ.

ಮನೆಗೆ ಬಂದು ಕೂದಲೆಳೆಯಂಥ ನಾಲ್ಕು ತಂತಿಗಳನ್ನು ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಬಣ್ಣಕ್ಕೆ ಬಣ್ಣ ಜೋಡಿಸಿದೆ. ಸಂಜೆ ಗುಂಪಿನ ಹೆಂಗಸರು ಬಂದು ಕೂತರು. ಅತ್ತೆಯವರನ್ನು ಸ್ಪೀಕರಿನ ಪಕ್ಕದಲ್ಲೇ ಕೂರಿಸಿದೆ. ಅವರಿಗೆ ಕಿವಿ ಮಂದ.

ಮುಳ್ಳಿಳಿಸಿದೆ. ದನಿಯೇ ಇಲ್ಲ! ಕಿವಿಗೊಟ್ಟು ಕೇಳಿದರೆ ಎಲ್ಲೋ ಪಕ್ಕದೂರಿನಲ್ಲಿ ಇರುವೆಗಳು ಹಾಡುತ್ತಿದ್ದಂತಿತ್ತು. ದನಿಯ ಗುಂಡಿಯನ್ನು ಅರ್ಧ ತಿರುಗಿಸಿದೆ, ಪೂರ್ತಿ ತಿರುಗಿಸಿದೆ, ಇನ್ನು ತಿರುಗಿಸಿದರೆ ಗುಂಡಿಯೇ ಕೈಗೆ ಬರುತ್ತಿತ್ತು. ಇರುವೆಗಳು ಇರುವೆಗಳಾಗಿಯೇ ಉಳಿದವು. ಬೆವರುತ್ತ ಮುಳ್ಳನ್ನೆತ್ತಿದೆ.

"ಹಿಂದೆ ಏನೋ ಸ್ವಿಚ್ ಇದೆ ಕಣೇ," ಎನ್ನುತ್ತ ಯಜಮಾನರು ಬಗ್ಗಿ ಟಕ್ ಎನಿಸಿದರು. ಗುಂಡಿ ಇನ್ನೂ ಕಡೆಯ ಗೆರೆಯಲ್ಲೇ ಇದೆಯೆಂಬುದು ಇಬ್ಬರಿಗೂ ಹೊಳೆಯಲಿಲ್ಲ. ನಾನು ಮತ್ತೆ ಮೊದಲಿನಿಂದ ಮುಳ್ಳಿಳಿಸಿದೆ.

ಧಡಾರ್! ಕಿಟಕಿಗಳು ಅದುರಿದವು, ಕಪಾಟಿನ ಲೋಟಗಳು ಕುಣಿದವು. ಮಹಾಗರ್ಜನೆಯಂತೆ ಅತ್ತೆಯವರ ಪಿಸುಮಾತು ಮನೆ ತುಂಬಿ, ಬೀದಿಗೂ ಹರಿಯಿತು:

"ಮೈಕಿನವನೇ, ಆ ಕೊನೇಲಿ ನಿಂತಿರೋದು ನನ್ನ ಸೊಸೆ. ಅವಳ ಮೈಕು ಬಂದ್ ಮಾಡ್ಬಿಡಪ್ಪಾ! ಅವಳಿಗೆ ಹೇಳ್ಬೇಡ. ಪಾಪ, ಖುಷಿಯಾಗಿ ಹಾಡ್ಕೊಳ್ಳಲಿ. ಮೇಲಿನ ದನಿ ನಾನೇ ಎಳ್ಕೋತೀನಿ!"

ಆಮೇಲೆ ಅರ್ಧ ನುಂಗಿದ ಇನ್ನೊಂದು ಮಾತು, ಮೈಕಿನವನ ನಗು, ಹಾಡು. ಯಜಮಾನರು ಹಾರಿಬಿದ್ದು ಗುಂಡಿ ತಗ್ಗಿಸಿದರು. ಕಣ್ಣು ಮುಚ್ಚಿ, ತಲೆ ಬಾಗಿಸಿ ನಾನು ಇಷ್ಟು ವರ್ಷ ಭಕ್ತಿಯಿಂದ ಕೇಳಿದ್ದು ಇದನ್ನೇ! ಎರಡನೇ ಚರಣ ಬಂತು. ದನಿ ಮುಗಿಲಿಗೇರಿತು. ಹೊಸ ಮುಳ್ಳಿನಲ್ಲಿ ಕೇಳಿದರೆ ಸಾಕ್ಷಾತ್ ಅತ್ತೆಯವರು!

"ಅಬ್ಬಬ್ಬಾ, ಯಾಕಿಷ್ಟು ಜೋರು? ನಾನೇನು ಕಿವುಡೀನಾ?" ಎಂದರು ಅತ್ತೆ. ಆಮೇಲೆ ನನ್ನ ಮುಖ ನೋಡಿ ಮೆತ್ತಗಾದರು. "ಪಿಸುಮಾತೂ ರೆಕಾರ್ಡಿಗೆ ಬೀಳುತ್ತೆ ಅಂತ ಆಗ ಯಾರಿಗಮ್ಮಾ ಗೊತ್ತಿತ್ತು?"

"ಅತ್ತೇ! ಇದಕ್ಕಾ ನಾನು ದಿನಾ ತಲೆ ಬಾಗಿಸಿದ್ದು!"

"ಬಾಗಿಸಿದ್ದು ದೇವರಿಗೆ ತಲುಪಿರುತ್ತೆ, ಬಿಡು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದರೆ ನಗು ಬರುತ್ತದಲ್ಲ! ಕೊನೆಗೆ ಅವರಲ್ಲಿ ಬಟ್ಟೆ ಹೊಲಿಯುವವಳೊಬ್ಬಳು ಧೈರ್ಯ ಮಾಡಿದಳು. "ಅಕ್ಕಾ, ನೀವೇ ನಮ್ಮ ಮುಂದಾಳು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಶುರು ಅಂತ ಕೈ ತೋರಿಸಿ. ಅಷ್ಟು ಮಾಡಿದ್ರೆ ಸಾಕು. ಅಷ್ಟೇ ಮಾಡಿದ್ರೆ ಸಾಕು!"

ಬಯಸಿದ ಪಟ್ಟ ಸಿಕ್ಕಿತು. ಬಾಯಿ ಬಿಡದೆ ಆಳಬೇಕು, ಅಷ್ಟೆ!

ಅಷ್ಟರಲ್ಲಿ ಅಂಗಡಿಯವನು ಓಡಿಬಂದ. "ಅಕ್ಕಾ, ಬೀದಿ ತುದಿಗೇ ಕೇಳಿಸ್ತು! ಒಂದೊಂದು ಅಕ್ಷರವೂ ಕ್ಲಿಯರ್!" ಎನ್ನುತ್ತ ಬಗ್ಗಿ ನೋಡಿದ. "ಮುಳ್ಳು ಒಂದೆಳೆ ವಾಲಿದೆ. ಅದಕ್ಕೇ ಅಮ್ಮಾವ್ರು ಆಮೇಲೆ ಹೇಳಿದ ಮಾತು ಅರ್ಧ ನುಂಗಿಹೋಗಿದೆ. ದುಡ್ಡೇನೂ ಬೇಡ, ಈಗಲೇ ನೆಟ್ಟಗೆ ಮಾಡಿಕೊಡ್ತೀನಿ. ಅದೂ ಕೇಳಿಸುತ್ತೆ."

"ಮಾಡಿಸ್ಕೊಳ್ಳಮ್ಮಾ," ಎಂದರು ಅತ್ತೆ ಮುಂದಕ್ಕೆ ಬಾಗಿ. "ಏನಂದೆನೋ, ನಂಗೂ ನೆನಪಿಲ್ಲ."

ನಾನು ರೆಕಾರ್ಡ್ ಪ್ಲೇಯರಿಗೆ ಅಡ್ಡ ನಿಂತು ಎರಡೂ ಕೈ ಚಾಚಿದೆ.

"ಬೇಡ ತಮ್ಮಾ, ನಿನಗೆ ಪುಣ್ಯ ಬರಲಿ. ಅದು ವಾಲಿಕೊಂಡೇ ಇರಲಿ!"