ಒಂಬತ್ತನೇ ಗುಳಿಯ ಮೇಟಿ

ಕಿರ್ರ್... ಕಿರ್ರ್...

ಉರುಳುಗಲ್ಲಿನ ಅಚ್ಚಿಗೆ ಎಣ್ಣೆ ಬಿಟ್ಟಿರಲಿಲ್ಲ. ಆ ಸದ್ದು ದಿಬ್ಬದ ಆಚೆಯಿಂದ ಬಂದಾಗ ಲಿಂಗಯ್ಯ ಆನೆಕಂದಕಕ್ಕೆ ಅಡ್ಡ ಹಾಕಿದ್ದ ಹಲಗೆ ದಾಟುತ್ತಿದ್ದ. ಕಂಕುಳಲ್ಲಿ ಹೊಸದಾಗಿ ಹೊಲಿಸಿದ ಒಂಬತ್ತು ಬಾವುಟ, ಕೈಯಲ್ಲಿ ಎರಡು ದಿನ ಹಳೆಯ ಪತ್ರಿಕೆ. ತಾಳವಾಡಿ ಬೆಟ್ಟದ ಮೇಲಿನ ಈ ಗಾಲ್ಫ್ ಕ್ಲಬ್ಬಿಗೆ ಅವನೊಬ್ಬನೇ ಆಳು. ಅವನು ಸತ್ಯಮಂಗಲಕ್ಕೆ ಹೋಗಿ ಮೂರು ದಿನವಾಗಿತ್ತು. ಹಾಗಾದರೆ ಕಲ್ಲು ಎಳೆಯುತ್ತಿರುವವರು ಯಾರು?

ದಿಬ್ಬ ಹತ್ತಿ ನೋಡಿದರೆ ಅವನ ಅಕ್ಕ, ಪಣಕಹಳ್ಳಿಯ ಜಡೆಮ್ಮ. ಕ್ಲಬ್ಬಿನ ಕಲ್ಲಿಗೆ ತನ್ನ ಎತ್ತು ಕಟ್ಟಿ, ಒಂಬತ್ತನೇ ಗುಳಿಯ ಸುತ್ತ ರಾಗಿ ತೆನೆ ಹರಡಿ ಉರುಳಿಸುತ್ತಿದ್ದಳು.

ಲಿಂಗಯ್ಯ: ಎತ್ತ ನಿಲ್ಸಕ್ಕ. ಮೊದ್ಲು ಎತ್ತ ನಿಲ್ಸು ಅಂತೀನಿ.

ಜಡೆಮ್ಮ: ಇನ್ನೆರಡು ಸುತ್ತು ಅದ ಕಣ್ಲಾ. ಅರ್ಧಕ್ಕ ನಿಲ್ಸುದ್ರ ತೆನ ಅರ್ಧ ಉದುರ್ತದ.

ಲಿಂಗಯ್ಯ: ಇದು ಒಂಬತ್ತನೇದು, ಗೊತ್ತಾ ನಿಂಗ?

ಜಡೆಮ್ಮ: ನಂಗ್ಯಾಕ್ಲಾ ಲೆಕ್ಕ. ಒಳ್ಳೆ ಕಣ. ನಮ್ಮಪ್ಪನ ಕಾಲದಲ್ಲೂ ಇಂತ ಕಣ ನೋಡಿರ್ನಿಲ್ಲ.

ಲಿಂಗಯ್ಯ: ಕಣ ಅಲ್ಲ ಇದು.

ಜಡೆಮ್ಮ: ದುಂಡಗದ. ಸಮ್ವಾಗದ. ಮದ್ಯಕ್ಕ ಮೇಟಿ ನಿಲ್ಸಕ್ಕ ನೀನೇ ಗುಂಡಿ ತೋಡಿಟ್ಟೀಯ. ಕಣ ಅಲ್ದೆ ಮತ್ತಿನ್ನೇನ್ಲಾ?

ಗಾಲ್ಫ್ ಆಟದಲ್ಲಿ ಚೆಂಡು ಕೊನೆಗೆ ಬೀಳುವ ಗುಳಿಯ ಸುತ್ತ ನುಣ್ಣನೆಯ ಹುಲ್ಲು ಇರಬೇಕು. ತಾಳವಾಡಿಯ ಬಿಸಿಲಿಗೆ ಆ ಹುಲ್ಲು ಬಾಳಲಿಲ್ಲವೆಂದು ಕ್ಲಬ್ಬು ಕಟ್ಟಿಸಿದ ಇಂಗ್ಲಿಷ್ ದೊರೆಯ ಕಾಲದಲ್ಲೇ ಒಂಬತ್ತು ಕಡೆಯೂ ಮಣ್ಣು ಗಟ್ಟಿಸಿ, ಲಾರಿಯ ಸುಟ್ಟ ಎಣ್ಣೆ ಕಲಸಿದ ಮರಳನ್ನು ತೆಳ್ಳಗೆ ಹರಡಿದ್ದರು. ಜಡೆಮ್ಮ ಆ ಮರಳನ್ನು ಕೆರೆದು ಪೊದೆಯ ಪಕ್ಕ ರಾಶಿ ಹಾಕಿದ್ದಳು. ಕೆಳಗಿನ ಗಟ್ಟಿ ಮಣ್ಣಿಗೆ ಸಗಣಿ ಸಾರಿಸಿದ್ದಳು. ಗುಳಿಯಲ್ಲಿ ಬಾವುಟದ ಬದಲು ಒಂದು ಒಳ್ಳೆ ಜಾಲಿ ಮರದ ಮೇಟಿಗಂಬ ನಿಂತಿತ್ತು. ಎತ್ತು ಅದರ ಸುತ್ತ ಏರುಬಿಸಿಲನ್ನು ತುಳಿಯುತ್ತಾ ತನ್ನ ಪಾಡಿಗೆ ತಾನು ತಿರುಗುತ್ತಿತ್ತು.

ಲಿಂಗಯ್ಯ ಬಾವುಟಗಳನ್ನು ಕೆಳಗಿಟ್ಟು ಮೇಟಿಯ ಬುಡಕ್ಕೆ ಬಗ್ಗಿದ.

ಲಿಂಗಯ್ಯ: ಗುಳಿ ಅಗಲ ಆಗದಲ್ಲಕ್ಕ.

ಜಡೆಮ್ಮ: ಸಣ್ಣದಿತ್ತು. ಮೇಟಿ ಇಳೀನಿಲ್ಲ. ಆರೆ ಕೋಲಲ್ಲಿ ಸುತ್ತ ಚೂರು ಬುಡಿಸ್ದೆ.

ಲಿಂಗಯ್ಯ: ನಾಕೂಕಾಲು ಅಂಗುಲ ಇರ್ಬೇಕು ಅದು. ಲಂಡನ್ನಲ್ಲೂ ನಾಕೂಕಾಲು, ಬೆಂಗ್ಳೂರಲ್ಲೂ ನಾಕೂಕಾಲು.

ಜಡೆಮ್ಮ: ಅಲ್ಲೆಲ್ಲ ಮೇಟಿ ಸಣ್ಣ ಇರ್ಬೇಕು ಬುಡು.

ಅವನು ತಲೆಯ ಮೇಲೆ ಕೈ ಹೊತ್ತು ಕುಳಿತ. ಆಮೇಲೆ ವಿಷಯ ಹೇಳಿದ. ಕ್ಲಬ್ಬಿಗೆ ಉಳಿದಿರುವುದು ನಾಲ್ಕು ಜನ ಸದಸ್ಯರು. ಅವರಲ್ಲಿ ಒಬ್ಬರಿಗೆ ಮಂಡಿ ಬಾಗುವುದಿಲ್ಲ. ಕ್ಲಬ್ಬನ್ನು ಮುಚ್ಚಿ ಜಾಗಕ್ಕೆಲ್ಲ ನೀಲಗಿರಿ ನೆಡೋಣ ಎಂದು ಅವರೊಳಗೆ ಮಾತು ಎದ್ದಿದೆ. ಮುಚ್ಚುವ ಮುಂಚೆ ಬಲ್ಲವನೊಬ್ಬ ನೋಡಲಿ ಎಂದು ಬೆಂಗಳೂರಿನಿಂದ ಒಬ್ಬ ಪ್ರೊಫೆಷನಲ್ ಆಟಗಾರನನ್ನು ಕರೆಸಿದ್ದಾರೆ. ಅವನು ಇವತ್ತು ಮಧ್ಯಾಹ್ನದ ಬಸ್ಸಿಗೆ ಬರುತ್ತಾನೆ. ಆಡಲು ಯೋಗ್ಯ ಎಂದು ಅವನು ಬರೆದರೆ ಲಿಂಗಯ್ಯನ ಕೆಲಸ ಉಳಿಯುತ್ತದೆ. ಇಲ್ಲವೆಂದರೆ ಸಂಕ್ರಾಂತಿ ಕಳೆದ ಮೇಲೆ ಮನೆಗೆ.

ಸುತ್ತಮುತ್ತಲಿನ ಬೇರೆ ಕ್ಲಬ್ಬುಗಳ ಪಾಡನ್ನೂ ಹೇಳಿಕೊಂಡ. ಗಿರಣಿಯವರ ಒಂದು ಕ್ಲಬ್ಬಿನಲ್ಲಿ ಈಗ ಅರಿಸಿನ ಒಣಗುತ್ತದಂತೆ. ಗಡಿಯಾಚೆ ಕಾಫಿಯವರ ಕ್ಲಬ್ಬಿನಲ್ಲಿ ಇಸ್ಪೀಟು ಒಂದೇ ಉಳಿದಿದೆಯಂತೆ.

ಜಡೆಮ್ಮ: ಅವರು ಅರಿಸ್ನ ಒಣಗ್ಸುದ್ರ ಆಯ್ತದ. ನಾನು ರಾಗಿ ತುಳ್ಸುದ್ರ ತಪ್ಪಾ?

ಲಿಂಗಯ್ಯ: ಅಯ್ಯೋ, ಅದು ಮುಚ್ಚೋದ ಕ್ಲಬ್ಬು ಕಣಕ್ಕ. ಇದಿನ್ನೂ ಜೀವ ಇಟ್ಕಂಡದ.

ಜಡೆಮ್ಮ: ನೀನೇ ತಾನೆ ಬೀಗದ ಕೈ ಕೊಟ್ಟು, ಚೆಂದಾಗಿ ನೋಡ್ಕೊ ಅಂದೋನು? ನೋಡ್ಕಂಡೀನಿ. ನಿನ್ನ ಎಣ್ಣೆ ನಾತ ತೆಗೆಯಕ್ಕೆ ಒಂದು ಗಾಡಿ ಸಗಣಿ ಬೇಕಾಯ್ತು.

ಲಿಂಗಯ್ಯ: ನಿಮ್ಮೂರಲ್ಲಿ ಕಣ ಇಲ್ವಾ?

ಜಡೆಮ್ಮ: ಅದ. ಓದ ವರ್ಷ ಅಲ್ಲೇ ಆಕಿದ್ದೆ. ಎರಡು ಮೆದೆ ಆನೆ ತಿಂದ್ಕಂಡು ಓಯ್ತು. ಇಲ್ಲಿ ಸುತ್ತ ಕಂದಕ ಅದ. ನಿಮ್ಮ ಚೆಂಡ್ಗ ಆನೆ ಕಾಟ ಇಲ್ಲ, ನಮ್ಮ ರಾಗಿಗೆ ಅದ. ಕಂದಕ ಯಾರಿಗ ಬೇಕು ಏಳು ಮತ್ತ?

ಎತ್ತು ಕೊನೆಯ ಸುತ್ತು ಮುಗಿಸಿ ನಿಂತಿತು. ಜಡೆಮ್ಮ ಹುಲ್ಲು ಕೊಡವಿ ಅತ್ತ ಸರಿಸಿದಳು, ಮೊರದಲ್ಲಿ ತೂರತೊಡಗಿದಳು. ಹೊಟ್ಟು ಗಾಳಿಗೆ ಹೊಳೆದು ಹಾರಿ ಲಿಂಗಯ್ಯನ ಮೀಸೆಯ ಮೇಲೆ ಕುಳಿತಿತು.

ಜಡೆಮ್ಮ: ಬರೋನು ಯಾರ್ಲಾ?

ಲಿಂಗಯ್ಯ: ನಮ್ ಮರಿಯ. ತಾಳಮಲೆ ಜವರಮ್ಮನ ಮಗ.

ಜಡೆಮ್ಮನ ಮೊರ ನಿಂತಿತು. ಜವರಮ್ಮ ಅವಳ ಕಣದಲ್ಲೇ ಹತ್ತು ವರ್ಷ ತೆನೆ ಮುರಿದವಳು. ಮರಿಯ ಚಿಕ್ಕಂದಿನಲ್ಲಿ ಇದೇ ಕ್ಲಬ್ಬಿನಲ್ಲಿ ಸಾಹೇಬರ ಕೋಲಿನ ಚೀಲ ಹೊರುತ್ತಿದ್ದ. ಒಬ್ಬ ಸದಸ್ಯರು ಬೆಂಗಳೂರಿಗೆ ಕರೆದುಕೊಂಡು ಹೋದರು. ಅಲ್ಲಿ ಹೊರುತ್ತಾ ಹೊರುತ್ತಾ ಹೊಡೆಯಲು ಕಲಿತು, ಈಗ ಅದೇ ಅವನ ಕಸುಬು. ಚಾಮರಾಜನಗರದ ಬಸ್ಸಿನ ಕಂಡಕ್ಟರು ತರುವ ಪತ್ರಿಕೆಯ ಕೊನೆಯ ಪುಟದಲ್ಲಿ, ಕುದುರೆ ಜೂಜಿನ ಕೆಳಗೆ, ಒಮ್ಮೊಮ್ಮೆ ನಾಲ್ಕು ಸಾಲು ಬರುತ್ತದೆ. ಲಿಂಗಯ್ಯ ಅದನ್ನು ಕತ್ತರಿಸಿ ಅನ್ನದ ಅಗುಳಿನಿಂದ ಕ್ಲಬ್ಬಿನ ಗೋಡೆಗೆ ಅಂಟಿಸುತ್ತಾನೆ.

ಜಡೆಮ್ಮ: ಎಂಗದಾನಂತ ಕೂಸು?

ಲಿಂಗಯ್ಯ: ನಾಕು ದಿನದ ಆಟ. ಮೂರು ದಿನಕ್ಕ ಇನ್ನೂರ ಎಂಟು ಏಟು. ಮೊದಲ್ನೆಯೋನು ಇನ್ನೂರ ಏಳು. ಒಂದೇ ಏಟು ವ್ಯತ್ಯಾಸ. ನಾಕನೇ ದಿನದ್ದು ಈ ಪೇಪರಲ್ಲಿ ಬಂದಿಲ್ಲ.

ಜಡೆಮ್ಮ: ಅಂಗಾರ ನಮ್ಮೋನೆ ಮುಂದದಾನಲ್ಲ. ಒಂದು ಜಾಸ್ತಿ.

ಲಿಂಗಯ್ಯ: ಈ ಆಟದಲ್ಲಿ ಕಮ್ಮಿ ಒಡದೋನೆ ದೊಡ್ಡೋನು.

ಜಡೆಮ್ಮ: ಅಂಗಾರ ಒಡೀದೆ ಮನೇಲಿ ಕೂತಿರೋನು?

ಲಿಂಗಯ್ಯ: ಚೆಂಡು ಗುಳೀಗ ಬೀಳ್ಬೇಕಲ್ಲ.

ಜಡೆಮ್ಮ: ಬಿದ್ದ ಮ್ಯಾಕ?

ಲಿಂಗಯ್ಯ: ಎತ್ಕಂಡು ಮುಂದಿನ ಗುಳೀಗ ಓಯ್ತರ.

ಜಡೆಮ್ಮ: ಎತ್ಕಳಾದಾದ್ರ ಆಕಾದ್ಯಾಕ್ಲಾ?

ಹದಿನೆಂಟು ವರ್ಷ ಈ ಕೆಲಸ ಮಾಡಿದ್ದರೂ ಲಿಂಗಯ್ಯನನ್ನು ಯಾರೂ ಹಾಗೆ ಕೇಳಿರಲಿಲ್ಲ.

ಅವನು ಬೇರೆ ದಾರಿ ಹಿಡಿದ. ರಾಶಿಯನ್ನು ಚೀಲಕ್ಕೆ ತುಂಬಿ ಬಂಗಲೆಯ ಜಗಲಿಗೆ ಹಾಕೋಣ, ಮೇಟಿ ಕೀಳೋಣ, ಮರಳನ್ನು ಮತ್ತೆ ಹರಡೋಣ, ಇನ್ನೂ ಒಂದು ಗಂಟೆ ಸಮಯವಿದೆ ಎಂದು ಗೋಗರೆದ. ಜಡೆಮ್ಮ ಕೇಳಲಿಲ್ಲ. ತೂರಿ ಮುಗಿಸಿದ ರಾಶಿಗೆ ಸಗಣಿಯ ಬೆನಕನನ್ನಿಟ್ಟು ಪೂಜೆ ಆಗಿದೆ. ಅಳೆಯದೆ ಎತ್ತುವಂತಿಲ್ಲ, ಎತ್ತದೆ ಮೇಟಿ ಕೀಳುವಂತಿಲ್ಲ. ಆಮೇಲೆ ಅವನ ಕಾಲನ್ನು ನೋಡಿದಳು.

ಜಡೆಮ್ಮ: ಎಕ್ಕಡ ಮೆಟ್ಕಂಡು ಕಣದೊಳಗ ನಿಂತೀಯಲ್ಲ, ನಿಂಗ ಬುದ್ಧಿ ಬ್ಯಾಡ್ವಾ?

ಲಿಂಗಯ್ಯ ಗೊಣಗಿಕೊಂಡು ಎಕ್ಕಡ ಬಿಟ್ಟ. ಅಷ್ಟರಲ್ಲಿ ದಿಬ್ಬದ ಮೇಲೆ ತಲೆಯೊಂದು ಕಾಣಿಸಿತು, ಅದರ ಪಕ್ಕದಲ್ಲಿ ಕೋಲುಗಳ ತಲೆಗಳೂ ಕಾಣಿಸಿದವು. ಬಸ್ಸು ಅವತ್ತೊಂದು ದಿನ ಬೇಗ ಬಂದಿತ್ತು.

ಜಡೆಮ್ಮ ಆಗಲೇ ಕೊಳಗ ಹಿಡಿದು ರಾಶಿಯ ಮುಂದೆ ಕುಳಿತಿದ್ದಳು. ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಮುಗಿಯುವವರೆಗೆ ಕಣದಲ್ಲಿ ಬೇರೆ ಮಾತು ಏಳಬಾರದು.

ಜಡೆಮ್ಮ: ಲಾಭ.

ಲಿಂಗಯ್ಯ: ಮರಿಯಪ್ಪ, ಇದು ಇಂಗಿರಲ್ಲ. ಇದು ಏನಾಯ್ತು ಅಂದ್ರ...

ಜಡೆಮ್ಮ: ಎರಡು.

ಲಿಂಗಯ್ಯ: ಒಂದು ಗಂಟೆ ಟೈಮ್ ಕೊಟ್ರ...

ಜಡೆಮ್ಮ ಕೈ ಎತ್ತಿ ತಡೆದಳು. ಮರಿಯನೂ ತುಟಿಯ ಮೇಲೆ ಬೆರಳಿಟ್ಟ. ಚೀಲ ಇಳಿಸಿ, ಮೊಳೆಗಳ ಬೂಟನ್ನು ಕಣದ ಹೊರಗೆ ಜೋಡಿಸಿಟ್ಟು, ಕಾಲುಚೀಲವನ್ನೂ ಬಿಚ್ಚಿ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತ. ಗುಳಿಯ ಹತ್ತಿರ ಒಬ್ಬ ಹೊಡೆಯುವಾಗ ಮಿಕ್ಕವರು ಉಸಿರು ಬಿಗಿಹಿಡಿದು ನಿಲ್ಲಬೇಕು ಎಂದು ಅವನಿಗೆ ಹತ್ತನೇ ವಯಸ್ಸಿನಲ್ಲಿ ಹೇಳಿಕೊಟ್ಟವನು ಲಿಂಗಯ್ಯನೇ. ಈಗ ಮೂವರೂ ಸುಮ್ಮನಿದ್ದರು. ರಾಗಿ ಸುರಿಯುವ ಸದ್ದು ಮಾತ್ರ ಇತ್ತು.

ನಲವತ್ತಮೂರಕ್ಕೆ ಅಳತೆ ಮುಗಿದು ರಾಗಿಯೆಲ್ಲ ಚೀಲ ಸೇರಿತು. ಜಡೆಮ್ಮ ಕೈಮುಗಿದು ಎದ್ದಳು.

ಜಡೆಮ್ಮ: ಯಾವಾಗ್ಲಾ ಬಂದೆ ಕೂಸೆ? ಬಡಕಲಾಗೀಯಲ್ಲ.

ಮರಿಯ: ಈಗ್ಲೇ ಅವ್ವ. ಚೆಂದಾಗಿದ್ದೀರಾ?

ಲಿಂಗಯ್ಯ: ನಾಕನೇ ದಿನ ಏನಾಯ್ತು ಮರಿಯ? ಪೇಪರಲ್ಲಿ ಬಂದಿಲ್ಲ.

ಮರಿಯ ನೆಲ ನೋಡಿದ.

ಮರಿಯ: ಎಂಬತ್ತೊಂದು.

ಲಿಂಗಯ್ಯ ಕೈಯಲ್ಲಿದ್ದ ಪತ್ರಿಕೆಯನ್ನು ಸಣ್ಣಗೆ, ಇನ್ನೂ ಸಣ್ಣಗೆ ಮಡಿಸಿದ.

ಜಡೆಮ್ಮ: ಜಾಸ್ತಿ ಆಗೋಯ್ತಾ?

ಮರಿಯ: ಊಂ ಅವ್ವ. ಕೊನೇಲಿ ಒಂದು ಮಾರು ದೂರದಿಂದ ಮೂರು ಸಲ ಬುಟ್ಟೆ. ಗುಳಿ ಸುತ್ತಿ ಸುತ್ತಿ ಆಚೆ ಬಂತು.

ಜಡೆಮ್ಮ: ನಮ್ ಕಣದಲ್ಲಿ ಜಾಸ್ತಿ ಆದ್ರ ಸೋಲಲ್ಲ ಕಣಪ್ಪ. ಬಾ, ಒಂದು ಗುಟುಕು ಮಜ್ಜಿಗೆ ಕುಡಿ.

ಅವನು ನಕ್ಕ, ಅವಳ ಚೊಂಬಿನಿಂದ ಮಜ್ಜಿಗೆ ಕುಡಿದ. ಆಮೇಲೆ ಬಂದ ಕೆಲಸಕ್ಕೆ ಇಳಿದ. ದಾರಿಯಲ್ಲೇ ಉಳಿದ ಎಂಟನ್ನೂ ನೋಡಿಕೊಂಡು ಬಂದಿದ್ದೇನೆ ಎಂದ. ಮರಳಿನಲ್ಲಿ ಆಡಿನ ಗೊರಸು, ಕಾಡುಹಂದಿ ಕೆದಕಿದ ಗುರುತು. ಮೂರನೆಯದಂತೂ ಎಮ್ಮೆ ಮಲಗಿ ಎದ್ದ ಹಾಗಿದೆ. ಒಂಬತ್ತೂ ಹೀಗೇ ಇದ್ದಿದ್ದರೆ ಏನು ಬರೆಯುತ್ತಿದ್ದೆನೆಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಲಿಂಗಯ್ಯ ಅದನ್ನು ಅವನ ಮುಖದಲ್ಲೇ ಓದಿಕೊಂಡ.

ಮರಿಯ ಜಡೆಮ್ಮನ ಅಪ್ಪಣೆ ಕೇಳಿ ಮೇಟಿ ಕಿತ್ತ. ಕಣದ ಅಂಚಿನಲ್ಲಿ ಚೆಂಡು ಇಟ್ಟು, ಬರಿಗಾಲಲ್ಲಿ ನಿಂತು ಮೆತ್ತಗೆ ತಟ್ಟಿದ. ಸಗಣಿ ಸಾರಿಸಿದ ನೆಲದ ಮೇಲೆ ಚೆಂಡು ಒಂದು ಗೀರೂ ಓರೆಯಾಗದೆ ಉರುಳಿತು. ಗುಡುಕ್ ಎಂದು ಗುಳಿಗೆ ಬಿತ್ತು. ಇನ್ನೊಂದು ಕಡೆಯಿಂದ ತಟ್ಟಿದ. ಇನ್ನೊಂದು. ನಾಲ್ಕನೆಯ ಕಡೆಯಿಂದಲೂ ಒಂದು.

ಮರಿಯ: ಬೆಂಗ್ಳೂರಲ್ಲಿ ಗುಳಿ ಇಷ್ಟಗಲ ಇದ್ದಿದ್ರ ನಾನೇ ಗೆಲ್ತಿದ್ದೆ.

ಲಿಂಗಯ್ಯ: ಅದ ಸರಿ ಮಾಡ್ತೀನಿ ಮರಿಯ. ನಾಳೆ ಬೆಳಗಾಗೋದ್ರೊಳಗ ನಾಕೂಕಾಲಿಗ ತತ್ತೀನಿ.

ಮರಿಯ: ಗುಳಿ ಸರಿ ಮಾಡಿ. ನೆಲ ಮುಟ್ಬೇಡಿ. ಇಂತ ನೆಲ ನಾ ಎಲ್ಲೂ ಆಡಿಲ್ಲ. ಮಿಕ್ಕ ಎಂಟೂ ಇಂಗೇ ಆದ್ರ ಆಡಕ್ಕ ಯೋಗ್ಯ ಅಂತ ಬರ್ದು ಕೊಡ್ತೀನಿ. ಅದಿನೈದು ದಿನ ಟೈಮು ಕೇಳ್ತೀನಿ.

ಲಿಂಗಯ್ಯನ ಮುಖ ಅರಳಿತು, ತಕ್ಷಣ ಬಾಡಿತು. ಹೀಗೆ ಮಾಡುವುದು ಅವನಿಗೆ ಗೊತ್ತಿರಲಿಲ್ಲ. ಸಗಣಿ ಬೇಕು, ಎತ್ತು ಬೇಕು, ಮೇಲೆ ತುಳಿಸಲು ರಾಗಿ ಬೇಕು. ಹದಿನೈದು ದಿನಕ್ಕೆ ಎಂಟು ಕಣ. ಅವನು ಮೆಲ್ಲಗೆ ಅಕ್ಕನ ಕಡೆ ತಿರುಗಿದ.

ಲಿಂಗಯ್ಯ: ಅಕ್ಕ.

ಜಡೆಮ್ಮ: ಏನ್ಲಾ?

ಲಿಂಗಯ್ಯ: ನಿಮ್ಮೂರಲ್ಲಿ ಇನ್ನೂ ಯಾರ್ದಾದ್ರೂ ರಾಗಿ ಉಳ್ದಿದ್ದದಾ?

ಜಡೆಮ್ಮ: ಯಾಕ? ಎಣ್ಣೆ ಮರಳು ಬ್ಯಾಡ್ವಾ?

ಲಿಂಗಯ್ಯ: ನಿನ್ನ ಕಾಲ್ಗ ಬೀಳ್ತೀನಿ. ಎಂಟು ಜನನ ಒಪ್ಸಿ ಕರ್ಕಂಡು ಬಾ.

ಜಡೆಮ್ಮ ಕೊನೆಯ ಚೀಲದ ಬಾಯಿ ಕಟ್ಟುತ್ತಾ ಕಂದಕದ ಕಡೆ ಗದ್ದ ತೋರಿಸಿದಳು. ಹಲಗೆಯ ಆಚೆ ತೆನೆ ತುಂಬಿದ ಗಾಡಿಗಳು ಒಂದರ ಹಿಂದೆ ಒಂದು ಬಂದು ನಿಂತಿದ್ದವು. ಮೂಕಿಯ ಮೇಲೆ ಕುಳಿತ ಹೆಂಗಸರು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

ಜಡೆಮ್ಮ: ನೆನ್ನೇನೆ ಏಳ್ಬುಟ್ಟು ಬಂದೀನಿ. ಎಂಟನೇದು ಮಾದಕ್ಕಂಗ, ಏಳು ವೆಂಕಟಮ್ಮಂಗ, ಆರು ಗುರುಲಿಂಗಮ್ಮಂಗ. ಆಚೆ ಕಡೇವು ಚಿಕ್ಕಲಕ್ಷ್ಮಮ್ಮನ ಅಟ್ಟಿಯೋರು ಅಂಚ್ಕಂಡವ್ರ.

ಲಿಂಗಯ್ಯ: ನನ್ನ ಒಂದು ಮಾತೂ ಕೇಳ್ದೇನೆ?

ಜಡೆಮ್ಮ: ಕೇಳುದ್ರ ಬ್ಯಾಡ ಅಂತಿದ್ದೆ. ಬ್ಯಾಡ ಅಂದ ಮ್ಯಾಕ ಮಾಡುದ್ರ ತಪ್ಪಾಯ್ತದ.

ಲಿಂಗಯ್ಯ ದಿಬ್ಬ ಹತ್ತಿ ನಿಂತು ಗಾಡಿಗಳನ್ನು ಎಣಿಸಿದ. ಇನ್ನೊಮ್ಮೆ ಎಣಿಸಿದ.

ಲಿಂಗಯ್ಯ: ಏಳೇ ಅವಲ್ಲಕ್ಕ. ಗುಳಿ ಎಂಟು.

ಜಡೆಮ್ಮ: ಐದನೇದು ಎಲ್ರೂ ಬ್ಯಾಡ ಅಂದ್ರು. ಒಂದು ಕಡಗ ವಾಲ್ಕಂಡದ. ರಾಗಿ ಉರುಳ್ಕಂಡು ಓಯ್ತದ. ಅದ್ನ ನಿಮ್ಮ ಆಟಕ್ಕ ಇಟ್ಕಳಿ.

ಲಿಂಗಯ್ಯ: ಅದು ತಾನಾಗಿ ವಾಲಿಲ್ಲ ಅಕ್ಕ. ದೊರೆ ಬೇಕು ಅಂತ್ಲೇ ಮೂರು ತಿಂಗಳು ಕೂತು ವಾಲ್ಸಿದ್ದು. ಅದ್ರ ಮರ್ಮ ಏನು ಅಂದ್ರ, ಮೇಲ್ಗಡೆಯಿಂದ ಚೆಂಡು ಬುಟ್ರ, ಮೊದ್ಲು ಎಡಕ್ಕ ಓದಂಗ ಕಾಣ್ತದ, ಆಮೇಲೆ...

ಜಡೆಮ್ಮ ಒಂದು ಚೀಲವನ್ನು ತಲೆಗೇರಿಸಿ ದಿಬ್ಬ ಇಳಿದಾಗಿತ್ತು. ಎತ್ತು ಅವಳ ಹಿಂದೆ ಹೋಯಿತು. ಮರಿಯ ಮೇಟಿಯನ್ನು ಹೆಗಲಿಗೆ ಹಾಕಿಕೊಂಡು ಎತ್ತಿನ ಹಿಂದೆ ಹೋದ.