ಕಿಲೋ, ಮಿಲಿ ಮತ್ತು ನನ್ನ ನೂರ್ಮಡಿ

ಹೊಸ ಮಾತೊಂದು ಊರೊಳಗೆ ಕಾಲಿಟ್ಟರೆ, ಊರು ಅದನ್ನು ಸುಮ್ಮನೆ ಕೂರಗೊಡುವುದಿಲ್ಲ. ತನಗೆ ಬೇಕಾದ ಕೆಲಸಕ್ಕೆ ಹಚ್ಚುತ್ತದೆ. ಸೇರು, ರತ್ತಲುಗಳು ಹೋಗಿ ಕಿಲೋ, ಗ್ರಾಂ, ಮೀಟರುಗಳು ಬರುತ್ತಿರುವ ಈ ದಿನಗಳಲ್ಲಿ ಇದನ್ನು ಹೆಜ್ಜೆಹೆಜ್ಜೆಗೂ ಕಾಣುತ್ತಿದ್ದೇನೆ.

ಕನ್ನಡ ಎಂ.ಎ. ಮುಗಿಸಿ ಬಂದ ನನಗೆ, ನಮ್ಮ ಜೋಳವನ್ನು ಗ್ರೀಕರ ಮಾತಿನಲ್ಲಿ ತೂಗುವುದು ಸಹಿಸಲಾಗಲಿಲ್ಲ. ಕಿಲೋ ಎಂದರೆ ಸಾವಿರ ಪಟ್ಟು. ಅದನ್ನು ‘ಸಾಸಿರ್ಮಡಿ’ ಎಂದೆ. ನೂರು ಪಟ್ಟಿನ ಹೆಕ್ಟೋ ‘ನೂರ್ಮಡಿ’ಯಾಯಿತು, ನೂರರಲ್ಲೊಂದು ಪಾಲಾದ ಸೆಂಟಿ ‘ನೂರ್ಪಾಲು’, ಸಾವಿರದಲ್ಲೊಂದು ಪಾಲಾದ ಮಿಲಿ ‘ಸಾಸಿರ್ಪಾಲು’. ತೂಕ-ಅಳತೆಯ ಅಧಿಕಾರಿಗಳು ನನ್ನ ಉತ್ಸಾಹ ಕಂಡು ನಕ್ಕರು. “ನನ್ನ ಜೋಡಿ ಮೂರೂರು ತಿರಗ್ರಿ, ಮಂದಿಗೆ ತಿಳಿಸಿ ಹೇಳ್ರಿ. ಯಾರರ ಒಬ್ಬರು ತಾವಾಗೇ ನಿಮ್ಮ ಒಂದು ಮಾತು ಆಡಿದರ, ಪ್ಯಾಟ್ಯಾಗಿನ ಹಲಗಿ ಮ್ಯಾಲ ಬರಸ್ತೀನಿ.”

ಒಂದೇ ಒಂದು ಮಾತು! ನಾನು ಅಂದೇ ಚೀಲವನ್ನು ಹೆಗಲಿಗೇರಿಸಿದೆ.

ರೋಣದ ಗರಡಿಯಲ್ಲಿ

ಗರಡಿಯ ಪೈಲವಾನ ಹೊಸ ತಕ್ಕಡಿಯಿಂದ ಇಳಿದವನೇ ಮುಖ ಬಾಡಿಸಿಕೊಂಡ.

“ಹೋದ ವರ್ಷ ನೂರೈವತ್ತು ರತ್ತಲ ಇದ್ನಿರಿ. ಈಗ ಬರೇ ಅರವತ್ತೆಂಟ? ಕುಡದ ಹಾಲು ಎಲ್ಲಿ ಹೋತ್ರಿ?”

“ಅದು ಕಿಲೋ ಲೆಕ್ಕ. ನೀನು ಅರವತ್ತೆಂಟು ಸಾಸಿರ್ಮಡಿ ಗ್ರಾಂ.”

“ಹಂಗ ಮಡಚಿ ಹೇಳಬ್ಯಾಡ್ರಿ ಮಾಸ್ತರ, ಬಿಚ್ಚಿ ಹೇಳ್ರಿ.”

ಬಿಚ್ಚಿ ಹೇಳಿದೆ: ಅರವತ್ತೆಂಟು ಸಾವಿರ ಗ್ರಾಂ. ಅವನ ಎದೆ ಉಬ್ಬಿತು. ಮರುದಿನ ಕುಸ್ತಿಯ ಕಣದಲ್ಲಿ ಡಂಗುರವನ್ನೇ ಸಾರಿಸಿದ: “ಅರವತ್ತೆಂಟು ಸಾವಿರದ ಪೈಲವಾನ!” ಎದುರಾಳಿ ಸವಡಿ ಊರಿನವನು, ಆನೆಯಂಥ ಆಳು. ಕೇಳಿದವನೇ ಅಂಗಿ ತೊಟ್ಟು ಹೊರಟು ನಿಂತ.

“ಯಾಕಪಾ, ಏನಾತು?” ಅಧಿಕಾರಿಗಳು ಅವನನ್ನು ತಡೆದು ಕೇಳಿದರು.

“ನಿನ್ನೆ ನಾನೂ ತೂಗಿಸೇನ್ರಿ. ನಾ ಬರೇ ತೊಂಬತ್ತು!”

ನರಗುಂದದ ಕೊಸರು

ಕಾಳಿನ ಅಂಗಡಿಯೊಂದರ ಮುಂದೆ ನಿಂತು ಭಾಷಣ ಮಾಡಿದೆ. ಕಡಲೆ ಕೊಳ್ಳಲು ಬಂದ ಹೆಣ್ಣುಮಗಳೊಬ್ಬಳು ಕಣ್ಣರಳಿಸಿ ಕೇಳುತ್ತಿದ್ದಳು.

“ಗ್ರಾಂಕ್ಕಿಂತಾ ಸಣ್ಣದು ಐತೇನ್ರೀ ಅಣ್ಣಾರ?”

“ಇದೆ ತಾಯಿ. ಒಂದು ಗ್ರಾಮಿನ ಸಾವಿರದಲ್ಲೊಂದು ಪಾಲು. ಸರಕಾರದವರು ಮಿಲಿಗ್ರಾಂ ಎನ್ನುತ್ತಾರೆ; ನಾವು ಸಾಸಿರ್ಪಾಲು ಎನ್ನೋಣ.”

ಅಂಗಡಿಯ ಸಾವಕಾರರು ಮೀಸೆಯಲ್ಲೇ ನಕ್ಕರು. “ಅಷ್ಟು ಸಣ್ಣದರಾಗ ಏನು ತೂಗ್ತಾರ್ರಿ? ಯಾರಿಗೆ ಬೇಕು ಅದು?”

ನಾನು ಬಾಯಿ ತೆರೆಯುವ ಮೊದಲೇ ಆಕೆ ಸೆರಗನ್ನು ಒಡ್ಡಿದಳು: “ನಿಮಗ ಬೇಕ್ರೀ ಸಾವಕಾರ್ರ! ತೂಕ ಆದಮ್ಯಾಲ ನೀವು ಕೊಸರು ಹಾಕ್ತೀರಲ್ಲ, ಅದು ಮಿಲಿಗ್ರಾಂನ್ಯಾಗ ಇರತೈತಿ.”

ಅಂಗಡಿಯೆಲ್ಲ ನಕ್ಕಿತು. ಸಾವಕಾರರು ಅಂದು ಬೊಗಸೆ ತುಂಬ ಕೊಸರು ಹಾಕಿದರು. ಆಕೆಗೆ ಕಡಲೆ ಸಿಕ್ಕಿತು, ಮಿಲಿಗೆ ಮನ್ನಣೆ ಸಿಕ್ಕಿತು. ನನ್ನ ಸಾಸಿರ್ಪಾಲಿಗೆ ಮಾತ್ರ ಸಾಸಿರ್ಪಾಲಿನಷ್ಟೂ ದಕ್ಕಲಿಲ್ಲ.

ಗಜೇಂದ್ರಗಡದ ಅವ್ವ

ಉಳಿದದ್ದು ಒಂದೇ ಊರು. ನೇಕಾರರ ಮನೆಯೊಂದರಲ್ಲಿ ಅಧಿಕಾರಿಗಳೂ ನಾನೂ ಚಾಪೆಯ ಮೇಲೆ ಕುಳಿತೆವು. ಮಗ್ಗದ ಸದ್ದು ನಿಂತಿತು. ಮನೆಯ ಹಿರಿಯ ಅವ್ವ ನಾನು ಹೇಳಿದ್ದನ್ನೆಲ್ಲ ಗಲ್ಲಕ್ಕೆ ಕೈ ಕೊಟ್ಟು ಕೇಳಿ, ಒಮ್ಮೆಲೇ ಹುರುಪಿಗೆ ಬಂದಳು.

“ತಿಳೀತು ತಗೋ! ನಮ್ಮನ್ಯಾಗ ಹಿರೇ ಮಗ ಕಿಲೋ, ಭಾರ ಎಲ್ಲಾ ಅವಂದ. ಸೊಸಿ ಸೆಂಟಿ. ಅಕಿ ಇಲ್ಲದ ಸೀರಿ ಅಳಿಯಾಕ ಆಗೂದಿಲ್ಲ. ತೊಟ್ಟಿಲದಾಗಿನ ಕೂಸು ಮಿಲಿ.”

ಮತ್ತೆ ಅವೇ ಮಾತುಗಳು! ನಾನು ಚಾಪೆಯ ತುದಿಗೆ ಜರುಗಿದೆ. “ಅವ್ವಾ, ಹೆಕ್ಟೋ ಎಂಬುದೂ ಒಂದಿದೆ. ನೂರು ಪಟ್ಟು. ಅದನ್ನು ನಾನು ನೂರ್ಮಡಿ ಎಂದು ಕರೆದಿದ್ದೇನೆ.”

“ಅದರಾಗ ಬಾಜಾರದಾಗ ಏನು ತೂಗ್ತಾರಪಾ?”

“ಏನೂ ತೂಗುವುದಿಲ್ಲ.”

“ಸೀರಿ ಅಳೀತಾರ?”

“ಇಲ್ಲ.”

“ಮತ್ತ ಯಾಕ ಅದ ಅದು?”

“ಸಾಲು ತಪ್ಪಬಾರದೆಂದು, ಅವ್ವಾ.”

ಹಿರಿಯ ಮಗ ಮಗ್ಗದ ಗುಂಡಿಯಲ್ಲಿ ಕುಳಿತೇ ಕೆಣಕಿದ: “ಎಲ್ಲಾರಿಗೂ ಹೆಸರಿಟ್ಟಿ. ಹಂಗಾರ ಈ ಮಾಸ್ತರ ಯಾರಬೇ?”

ಅವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಇವರು ನೂರ್ಮಡಿ. ಭಾಳ ದೊಡ್ಡವರು, ಆದರ ಯಾವ ಕೆಲಸಕ್ಕೂ ಬರೂದಿಲ್ಲ.”

ಅಧಿಕಾರಿಗಳು ಚಾಪೆಯಿಂದ ಜಿಗಿದೆದ್ದು ನನ್ನ ಕೈ ಕುಲುಕಿದರು: “ಆಡಿದರಲ್ರೀ! ತಾವಾಗೇ ಆಡಿದರು!”

ಪೇಟೆಯ ಹಲಗೆಯ ಮೇಲೆ ಈಗ ‘ನೂರ್ಮಡಿ’ ಇದೆ. ಅದನ್ನು ಯಾರೂ ಓದುವುದಿಲ್ಲ. ಆದರೆ ನಾನು ಗಜೇಂದ್ರಗಡದಲ್ಲಿ ಬಸ್ಸಿನಿಂದಿಳಿದರೆ ಸಾಕು, ನೇಕಾರರ ಓಣಿಯೆಲ್ಲ ಅಚ್ಚಗನ್ನಡದಲ್ಲಿ ಕೂಗುತ್ತದೆ: “ನೂರ್ಮಡಿ ಬಂದಾರ, ಕೂಡಾಕ ಮಣಿ ಹಾಕ್ರಿ!”