ಗಟ್ಟಿಯೋ ಮೆತ್ತಗೋ

ಇಡೀ ಪಿರಿಯಾಪಟ್ಟಣ ತಾಲ್ಲೂಕಿಗೆ ಇರುವುದು ಒಂದೇ ಒಂದು ರೇಸ್ ಕಾರು, ಅದು ತನ್ನದು, ಆದರೂ ಅದರಲ್ಲಿ ತಾನು ಯೂರಿಯಾ ಮೂಟೆ ಸಾಗಿಸಬೇಕಾಗಿದೆಯಲ್ಲ ಎಂಬುದೇ ಕಂಪಲಾಪುರದ ಗೊಬ್ಬರದಂಗಡಿ ಶಿವಶಂಕರನ ಕೊರಗು. ಆ ಕಾರನ್ನು ಅವನು ಗೋಣಿಕೊಪ್ಪದ ಕಡೆಯ ಕಾಫಿ ತೋಟದವರೊಬ್ಬರಿಂದ ಕೊಂಡಿದ್ದ. ಎರಡೇ ಬಾಗಿಲು, ಫೈಬರ್ ಮೈ. ತೂಕ ಎಷ್ಟು ಕಮ್ಮಿಯೆಂದರೆ, ಹಿಂದಿನ ಚಕ್ರ ಒಮ್ಮೆ ಚರಂಡಿಗೆ ಇಳಿದಾಗ ಇಬ್ಬರು ಹಮಾಲಿಗಳು ಬಾಯಲ್ಲಿದ್ದ ಬೀಡಿ ತೆಗೆಯದೆಯೇ ಎತ್ತಿ ರಸ್ತೆಗೆ ಇಟ್ಟಿದ್ದರು. ತೋಟದವರು ಅದರಲ್ಲಿ ಓಟ ಓಡಿ ಕಪ್ಪು ಗೆದ್ದಿದ್ದರಂತೆ. (ಕಪ್ಪನ್ನು ಅವರೇ ಇಟ್ಟುಕೊಂಡರು. ಶಿವಶಂಕರನಿಗೆ ಬಂದದ್ದು ಸವೆದುಹೋದ ಶಾಕ್ ಅಬ್ಸಾರ್ಬರುಗಳು.)

ತೊಂಬತ್ತೆಂಟರ ಕಾರ್ತಿಕದಲ್ಲಿ ಅವನಿಗೊಂದು ಸುದ್ದಿ ಬಂತು. ಹುಣಸೂರಿನ ಹೊರಗೆ, ಹೊಗೆಸೊಪ್ಪು ಮುಗಿದು ಖಾಲಿ ಬಿದ್ದ ಬಯಲಿನಲ್ಲಿ, ಮೈಸೂರಿನವರು ಕೆಲವರು ಕಾರಿನ ಓಟ ಇಟ್ಟಿದ್ದಾರೆ. ಶಿವಶಂಕರ ಮಾರನೆಯ ದಿನವೇ ಕಾರನ್ನು ಹುಣಸೂರಿನ ಮೆಕ್ಯಾನಿಕ್ ಚೆಲುವಯ್ಯನ ಶೆಡ್ಡಿಗೆ ತಂದು ನಿಲ್ಲಿಸಿದ. ಚೆಲುವಯ್ಯ ಬಾನೆಟ್ಟಿನ ಮೇಲೆ ಕೈಯೂರಿ ಒಮ್ಮೆ ಅದುಮಿ ಬಿಟ್ಟ. ಕಾರು ಐದು ಸಲ ಮೇಲೆ ಕೆಳಗೆ ಆಡಿತು.

"ಸಂಕರಣ್ಣ, ಶಾಕಪ್ಸರ್ ನಾಲ್ಕೂ ಸತ್ತೋಗವೆ. ಸ್ಪ್ರಿಂಗೂ ಅಂಗೇ."

"ಹೊಸದು ಹಾಕು."

"ಹೊಸದು ಕೊಯಮತ್ತೂರಿಂದ ಬರ್ಬೇಕು. ಆ ದುಡ್ಡಿಗೆ ಇಂಥದೇ ಇನ್ನೊಂದು ಕಾರು ಬತ್ತದೆ. ನನ್ತಾವ ಎರಡು ಸೆಟ್ ಅವೆ, ಎರಡಕ್ಕೂ ಒಂದೇ ರೇಟು. ಒಂದು ಗಟ್ಟಿದು, ಕೊಡಗಿನ ಓಟದ ಗಾಡಿಯಿಂದ ಬಿಚ್ಚಿದ್ದು. ತಿರುವಲ್ಲಿ ಉಡ ಹಿಡ್ಕಂಡಂಗೆ ಹಿಡ್ಕತದೆ, ಆದ್ರೆ ಗುಂಡಿಗೆ ಬಿದ್ರೆ ನಿನ್ ಹಲ್ಲು ಎಣಿಸ್ಕಬೇಕು. ಇನ್ನೊಂದು ಮೆತ್ತಂದು, ಸಂಸಾರಸ್ಥರಿಗೆ. ಗುಂಡಿ ಗೊತ್ತೇ ಆಗಕಿಲ್ಲ, ಆದ್ರೆ ತಿರುವಲ್ಲಿ ಎಮ್ಮೆ ಮಗ್ಗಲು ಹೊರಳ್ದಂಗಾಯ್ತದೆ."

"ಎರಡರ ಮಧ್ಯದ್ದು ಇಲ್ವಾ?"

"ಮಧ್ಯದ್ದು ಇದ್ದಿದ್ರೆ ನಾನ್ಯಾಕಣ್ಣ ಹುಣಸೂರಲ್ಲಿರ್ತಿದ್ದೆ?"

ಇನ್ನುಳಿದದ್ದು ಗೃಹ ಸರ್ಕಾರದ ಮಂಜೂರಾತಿ. ಆ ಸರ್ಕಾರದಲ್ಲಿ ಹಣಕಾಸು, ಗೃಹ, ವಿದೇಶಾಂಗ ಎಲ್ಲ ಖಾತೆಗಳೂ ಹೆಂಡತಿ ಪ್ರಮೀಳಾಳ ಕೈಯಲ್ಲಿದ್ದವು. ಅದೇ ಸಮಯಕ್ಕೆ ಮಿರ್ಲೆಯಲ್ಲಿದ್ದ ಅವಳ ತಾಯಿ ಚಿಕ್ಕಬೀರಮ್ಮನಿಗೆ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಬೆನ್ನುಮೂಳೆಯ ಆಪರೇಷನ್ ಗೊತ್ತಾಗಿತ್ತು. ಶಿವಶಂಕರನ ತಲೆಯಲ್ಲಿ ಮಿಂಚು ಹೊಳೆಯಿತು.

"ಅತ್ತೇರನ್ನ ಆಸ್ಪತ್ರೆಯಿಂದ ನಮ್ ಕಾರಲ್ಲೇ ನಮ್ಮನೆಗೆ ಕರ್ಕೊಂಡ್ ಬರೋಣ ಅಂತಿದೀನಿ. ಅದಕ್ಕೆ ಸ್ವಲ್ಪ ಮೆತ್ತಗಿರೋ ಶಾಕಪ್ಸರ್ ಹಾಕಿಸ್ಬೇಕು ಕಣೆ. ಅವರ ಬೆನ್ನಿಗೆ ನೋವಾಗ್ಬಾರ್ದು."

ಪ್ರಮೀಳಾ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟು ಅವನ ಮುಖ ನೋಡಿದಳು. ಅವಳ ಕಣ್ಣು ತುಂಬಿತು. "ಮದುವೆಯಾಗಿ ಹದಿನೇಳು ವರ್ಷಕ್ಕೆ ಇದೇ ಮೊದ್ಲು ಕಣ್ರೀ, ನೀವು ನಮ್ಮಮ್ಮನ ಬಗ್ಗೆ ಯೋಚನೆ ಮಾಡಿದ್ದು" ಎಂದು ಒಳಗೆ ಹೋಗಿ ದುಡ್ಡು ತಂದು ಕೊಟ್ಟಳು.

ಶಿವಶಂಕರ ಆ ದುಡ್ಡನ್ನು ಚೆಲುವಯ್ಯನ ಕೈಗಿಟ್ಟು, "ಗಟ್ಟಿದು" ಎಂದ.

ಅತ್ತೆಯನ್ನು ಆಸ್ಪತ್ರೆಯ ವ್ಯಾನಿನಲ್ಲಿ ಮಲಗಿಸಿ ತರುವುದು, ಭಾನುವಾರ ಓಟ ಓಡುವುದು, ಯಾರಿಗೂ ನೋವಿಲ್ಲ. ಇದು ಅವನ ಲೆಕ್ಕಾಚಾರ. ಆದರೆ ಅವನು ಪ್ರಮೀಳಾಳ ಕೃತಜ್ಞತೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆಪರೇಷನ್ ಆದ ಮೇಲೆ ಒಂದು ವಾರ ಗಂಡ ಹೆಂಡತಿ ಆಸ್ಪತ್ರೆಯಲ್ಲೇ ಇದ್ದರು. ಆ ವಾರದಲ್ಲಿ ಪಕ್ಕದ ಮಂಚದವರಿಗೆ, ನರ್ಸುಗಳಿಗೆ, ಕಸ ಗುಡಿಸುವವರಿಗೆ, ಎಲ್ಲರಿಗೂ ಅವಳು ಅಳಿಯನ ಅತ್ತೆಭಕ್ತಿಯನ್ನು ಸಾರಿದ್ದಳು.

ಗುರುವಾರ ಬಿಡುಗಡೆ. ಡಾಕ್ಟರು ಕನ್ನಡಕ ತೆಗೆದು ಹೇಳಿದರು: "ಒಂದು ತಿಂಗಳು ಬೆನ್ನಿಗೆ ಧಡ್ ಅಂತ ಒಂದು ಏಟೂ ಬೀಳಬಾರದು. ಬಿದ್ದರೆ ಮತ್ತೆ ಮೊದಲಿಂದ. ಗಾಡಿ ಹೇಗಿದೆ?"

"ಅದಕ್ಕೇ ಅಂತ ಮೆತ್ತಗೆ ಮಾಡಿಸಿದಾರೆ ಡಾಕ್ಟ್ರೇ" ಎಂದಳು ಪ್ರಮೀಳಾ.

"ಅಲ್ಲಾ, ವ್ಯಾನಾದ್ರೆ ಮಲಗಿಕೊಂಡು ಬರಬೋದಿತ್ತು" ಎಂದ ಶಿವಶಂಕರ.

"ನೀವು ಅಷ್ಟು ಆಸೆಪಟ್ಟು ಮಾಡಿಸಿದ್ದೀರಿ. ನಮ್ಮಮ್ಮ ನಿಮ್ ಕಾರಲ್ಲೇ ಬರ್ತಾರೆ" ಎಂದಳು. ಅಲ್ಲಿಗೆ ಆ ಮಸೂದೆ ಬಿದ್ದುಹೋಯಿತು.

ಚೆಲುವಯ್ಯ ಬೆಳಗ್ಗೆಯೇ ಕಾರನ್ನು ಆಸ್ಪತ್ರೆಗೆ ತಂದಿದ್ದ. ಶಿವಶಂಕರ ಅವನನ್ನು ಬೇವಿನ ಮರದ ಹಿಂದಕ್ಕೆ ಎಳೆದುಕೊಂಡು ಹೋದ. "ಹಾಕಿಬಿಟ್ಟೆಯಾ?"

"ಹೇಳ್ದಂಗೇ ಹಾಕಿವ್ನಿ ಕಣಣ್ಣ" ಎಂದ ಚೆಲುವಯ್ಯ ಮುಖ ಕೊಟ್ಟು ಮಾತಾಡದೆ ಬೀಗದ ಕೈ ಕೊಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದ.

ಮುಂದಿನ ಸೀಟನ್ನು ಹಿಂದಕ್ಕೆ ಬಾಗಿಸಿ, ನಾಲ್ಕು ದಿಂಬು ಒಟ್ಟಿ, ಚಿಕ್ಕಬೀರಮ್ಮನನ್ನು ಗಾಜಿನ ಸಾಮಾನಿನಂತೆ ಮಲಗಿಸಿದರು. ಪ್ರಮೀಳಾ ಹಿಂದಿನ ಸಂದಿಯಲ್ಲಿ ಮಂಡಿ ಮಡಿಸಿ ಕೂತಳು. ಶಿವಶಂಕರ ಹೊರಟ. ರೇಸ್ ಕಾರು ಗಂಟೆಗೆ ಇಪ್ಪತ್ತು ಕಿಲೋಮೀಟರಿನ ವೇಗದಲ್ಲಿ ಹುಣಸೂರು ರಸ್ತೆ ಹಿಡಿಯಿತು. ಸೈಕಲ್ಲಿನವರು ಮುಂದೆ ಹೋದರು. ಹುಲ್ಲಿನ ಗಾಡಿಯೊಂದು ಬಹಳ ಹೊತ್ತು ಜೊತೆಯಲ್ಲೇ ಬಂತು. ಅವನು ಒಂದೊಂದೇ ಕಲ್ಲು ತಪ್ಪಿಸುತ್ತಿದ್ದ. ಕಾರು ಎಲ್ಲಿಯೂ ಎತ್ತಿಹಾಕಲಿಲ್ಲ. ಅದು ತನ್ನ ಕೈಚಳಕ ಎಂದುಕೊಂಡ.

ಹುಣಸೂರು ದಾಟಿದ ಮೇಲೆ ಕೈಚಳಕ ಮುಗಿಯಿತು. ಪೈಪು ಹಾಕಲು ರಸ್ತೆಗೆ ಅಡ್ಡಲಾಗಿ ಅಗೆದು, ಮೇಲೆ ದಪ್ಪ ಜಲ್ಲಿ ಸುರಿದು ಬಿಟ್ಟಿದ್ದರು. ಒಂದು ಮಾರು ಅಗಲ, ಈ ಅಂಚಿನಿಂದ ಆ ಅಂಚಿನವರೆಗೆ. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಶಿವಶಂಕರ ಕಾರು ನಿಲ್ಲಿಸಿದ. ಅತ್ತೆ ಕಣ್ಣು ಮುಚ್ಚಿ ಮಲಗಿದ್ದರು. ಕುತ್ತಿಗೆಯ ಹತ್ತಿರ ಬ್ಯಾಂಡೇಜಿನ ತುದಿ ಕಾಣುತ್ತಿತ್ತು. ಹದಿನೇಳು ವರ್ಷದಿಂದ ಪ್ರತಿ ಹಬ್ಬಕ್ಕೂ ಈ ಮುದುಕಿ ಅವನಿಗೆಂದು ಬೇರೆ ಡಬ್ಬಿಯಲ್ಲಿ ಚಕ್ಕುಲಿ ಕಳಿಸುತ್ತಿದ್ದರು. ಹಿಂದೆ ಬಂದು ನಿಂತ ಬಸ್ಸು ಹಾರನ್ ಹೊಡೆಯಿತು.

"ಪ್ರಮೀಳಾ" ಎಂದ, ತಿರುಗದೆ. "ನಾನು ಮೆತ್ತಂದು ಹಾಕ್ಸಿಲ್ಲ."

ಬಸ್ಸು ಮತ್ತೊಮ್ಮೆ ಹಾರನ್ ಹೊಡೆಯಿತು.

"ಗಟ್ಟಿದು ಹಾಕ್ಸಿದೀನಿ. ಭಾನುವಾರ ಇಲ್ಲಿ ಕಾರಿನ ಓಟ ಐತೆ. ಅದಕ್ಕೇ ದುಡ್ಡು ಕೇಳಿದ್ದು. ಅತ್ತೇರ ಬೆನ್ನು ಅಂತ ಸುಳ್ಳು ಹೇಳ್ದೆ."

"ಮತ್ತೆ?" ಎಂದಳು ಪ್ರಮೀಳಾ, ಬಹಳ ಶಾಂತವಾಗಿ.

ಆ ಶಾಂತಿಯೇ ಅವನನ್ನು ಇನ್ನಷ್ಟು ಹೆದರಿಸಿತು. "ಕಾರಿಗೆ ಇಬ್ಬರು ಬೇಕಂತೆ, ಓಡಿಸೋರು ಒಬ್ರು, ದಾರಿ ಹೇಳೋರು ಒಬ್ರು. ಯಾರೂ ಸಿಗ್ಲಿಲ್ಲ. ಫಾರಂನಲ್ಲಿ ನಿನ್ ಹೆಸರು ಬರೆದೆ. ಸೈನೂ ನಾನೇ ಹಾಕ್ದೆ."

"ಇನ್ನೇನಾದ್ರೂ ಐತಾ?"

"ಇಷ್ಟೇ. ಈಗ ಇಳೀರಿ ಇಬ್ರೂ. ಆ ಟೀ ಅಂಗಡಿಯಿಂದ ಕುರ್ಚಿ ತರ್ತೀನಿ. ಅತ್ತೇರನ್ನ ಎತ್ಕೊಂಡು ದಾಟಿಸ್ತೀನಿ."

"ಸುಮ್ನೆ ಓಡಿಸ್ರಿ."

"ಬೆನ್ನು ಕಣೆ—"

"ಓಡಿಸ್ರಿ ಅಂದ್ನಲ್ಲ."

ಶಿವಶಂಕರ ಕಾಣದ ದೇವರಿಗೆಲ್ಲ ಹರಕೆ ಹೊತ್ತು ಕ್ಲಚ್ಚು ಬಿಟ್ಟ. ಮುಂದಿನ ಚಕ್ರ ಜಲ್ಲಿಗೆ ಇಳಿಯಿತು. ಕಾರು ಹರಿಗೋಲಿನಂತೆ ಮೆಲ್ಲಗೆ ಬಾಗಿತು, ಮೆಲ್ಲಗೆ ಎದ್ದಿತು. ಹಿಂದಿನ ಚಕ್ರವೂ ಹಾಗೆಯೇ ಹತ್ತಿ ಇಳಿಯಿತು. ಅತ್ತೆಯ ಹಣೆಯ ಕೂದಲು ಕೂಡ ಅಲುಗಲಿಲ್ಲ.

ಅವನಿಗೆ ಅರ್ಥವಾಗಲು ಅರ್ಧ ಫರ್ಲಾಂಗು ಬೇಕಾಯಿತು.

"ಹೋದ ಶನಿವಾರ ಬೂತಿಂದ ಚೆಲುವಯ್ಯಂಗೆ ಫೋನ್ ಮಾಡಿದ್ದೆ" ಎಂದಳು ಪ್ರಮೀಳಾ. "ಮೆತ್ತಂದು ಹಾಕಿದ್ಯೇನಪ್ಪ ಅಂತ ಸುಮ್ನೆ ಕೇಳ್ದೆ. ತೊದಲಿದ. ಬಿಚ್ಚಿಸಿ ಮೆತ್ತಂದು ಹಾಕಿಸ್ದೆ. ಶಾಕಪ್ಸರ್ ವಿಷ್ಯ ನಂಗೆ ಗೊತ್ತಿತ್ತು ಕಣ್ರೀ. ಫಾರಂ ವಿಷ್ಯ ಗೊತ್ತಿರ್ಲಿಲ್ಲ."

ಚಿಕ್ಕಬೀರಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದರು: "ಓಟ ಎಷ್ಟೊತ್ಗಂತೆ ಅಳಿಮಯ್ಯ?"

ಭಾನುವಾರ ಬೆಳಗ್ಗೆ ಪ್ರಮೀಳಾ ತಾಯಿಯನ್ನು ಪಕ್ಕದ ಮನೆಯ ವಿಮಲಮ್ಮನಿಗೆ ಒಪ್ಪಿಸಿ, ಸೆರಗು ಬಿಗಿದು, ಕಾರಿನ ಎಡಗಡೆ ಬಂದು ಕೂತಳು. ಹೆಸರು ಕೊಟ್ಟ ಮೇಲೆ ಹೋಗದಿದ್ದರೆ ಮರ್ಯಾದೆ ಏನಾಗಬೇಕು ಎಂಬುದು ಅವಳ ವಾದ. ಓಟದ ಬಯಲಿನಲ್ಲಿ ಹೆಲ್ಮೆಟ್ ತಲೆಗೆ ಹಿಡಿಸಲಿಲ್ಲವೆಂದು ತುರುಬು ಬಿಚ್ಚಿ ಜಡೆ ಹಾಕಿಕೊಂಡಳು.

ಬಾವುಟ ಬಿತ್ತು. ಮೊದಲ ತಿರುವಿನಲ್ಲೇ ಕಾರು ಚೆಲುವಯ್ಯ ಹೇಳಿದ್ದ ಎಮ್ಮೆಯಂತೆ ಮಗ್ಗಲಿಗೆ ವಾಲಿತು. ಶಿವಶಂಕರ ಬ್ರೇಕು ತುಳಿದ.

"ಬ್ರೇಕ್ ಯಾಕೆ ತುಳೀತೀರಿ? ಬುಡಿ ಕಾಲು."

"ಬೀಳ್ತೀವಿ ಕಣೆ."

"ಬೀಳಕಿಲ್ಲ. ಎಡಕ್ಕೆ ತಗೊಳ್ಳಿ, ಈಗ ಒತ್ತಿ. ಒತ್ತೀ ಅಂದ್ರೆ."

ಏಳು ಕಾರುಗಳಲ್ಲಿ ಅವರದು ಏಳನೆಯದಾಗಿ ಬಂತು. ಇಳಿದಾಗ ಪ್ರಮೀಳಾಳ ಮುಖದ ತುಂಬ ಕೆಂಪು ಧೂಳು. ಅವಳು ಗೆದ್ದವನ ಕಾರಿನ ಸುತ್ತ ಎರಡು ಸುತ್ತು ಬಂದು, ಬಗ್ಗಿ ಚಕ್ರದ ಹಿಂದೆ ಇಣುಕಿ ನೋಡಿದಳು. ಮನೆಗೆ ಹೋಗುವಾಗ ತಿರುವು ಬಂದಾಗಲೆಲ್ಲ ಅವನ ಕಾಲಿನ ಕಡೆಗೇ ನೋಡುತ್ತಿದ್ದಳು. ಶಿವಶಂಕರ ಬೈಗುಳಕ್ಕೆ ಸಿದ್ಧನಾಗಿದ್ದ.

ಸೋಮವಾರ ಅವಳು ಅವನನ್ನು ಕರೆದುಕೊಂಡು ನೇರವಾಗಿ ಚೆಲುವಯ್ಯನ ಶೆಡ್ಡಿಗೆ ಹೋದಳು.

"ಆ ಗಟ್ಟಿ ಸೆಟ್ ಇನ್ನೂ ಐತಾ ಚೆಲುವಯ್ಯ? ಈ ಮೆತ್ತಂದು ತಿರುವಲ್ಲಿ ನಿಲ್ಲಕಿಲ್ಲ."

ಶಿವಶಂಕರನ ಎದೆ ಉಬ್ಬಿತು. "ನಾನು ಮೊದ್ಲೇ ಹೇಳಿರ್ಲಿಲ್ವಾ?"

ಪ್ರಮೀಳಾ ಅವನ ಕಡೆ ನೋಡಲಿಲ್ಲ. "ಸಂಕ್ರಾಂತಿ ಕಳೆದ್ಮೇಲೆ ಇನ್ನೊಂದು ಓಟ ಐತಂತೆ. ಅಷ್ಟರಲ್ಲಿ ಓಡಿಸೋದು ಕಲೀಬೋದಾ?"

"ಯಾರು ಕಲಿಯೋದಕ್ಕ?"

"ನಾನು ಕಣಪ್ಪ. ಇವರು ಗುಂಡಿ ಕಂಡ್ರೆ ನಿಲ್ಲಿಸ್ಕೊಂಡು ತಪ್ಪೊಪ್ಕೊಳ್ಳಕ್ಕೆ ಶುರುಮಾಡ್ತಾರೆ."

ಸಂಕ್ರಾಂತಿ ಕಳೆದ ಭಾನುವಾರ ಪ್ರಮೀಳಾ ಕಾರು ಓಡಿಸಲು ಹೋದಳು. ಪಕ್ಕದಲ್ಲಿ ದಾರಿ ಹೇಳಲು ಚೆಲುವಯ್ಯ ಕೂತಿದ್ದ. ಶಿವಶಂಕರ ಮನೆಯಲ್ಲಿದ್ದ. ಚಿಕ್ಕಬೀರಮ್ಮನೂ ಅಲ್ಲೇ ಇದ್ದರು. ಬೆನ್ನು ವಾಸಿಯಾಗುತ್ತ ಬಂದಿತ್ತು, ಮಿರ್ಲೆಗೆ ಹೋಗಬಹುದಿತ್ತು. ಆದರೆ ಅಷ್ಟು ಗಟ್ಟಿ ಕಾರಿನಲ್ಲಿ ಅವರನ್ನು ಕೂರಿಸುವುದು ಹೇಗೆ?

ಶಿವಶಂಕರ ಗಂಜಿಯ ಬಟ್ಟಲು ತಂದು ಅವರ ಮುಂದೆ ಇಟ್ಟ. ಅವರು ಒಂದು ಗುಟುಕು ಕುಡಿದರು.

"ಉಪ್ಪು ಕಮ್ಮಿ ಆಯ್ತು ಅಳಿಮಯ್ಯ" ಎಂದರು.